ತವರಿನ ಮೇಲೆ ಹಾಕಿದ ಮಾತು

ಎದೆಯ ಗಂಟು ಕ್ಯಾನ್ಸರ್ ಎಂದು ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಹೇಳಿದಾಗ ದ್ರಾಕ್ಷಾಯಿಣಿಗೆ ಮೂವತ್ತೆರಡು. ಕುಷ್ಟಗಿಯ ಕಚೇರಿಯೊಂದರಲ್ಲಿ ಗುಮಾಸ್ತೆಯಾಗಿದ್ದ ಅವಳು ರಜೆ ಹಾಕಿ ಹನುಮಸಾಗರದ ತವರಿಗೆ ಬಂದಳು. ನೋಡಲು ಬಂದವರೆಲ್ಲ ಒಂದೊಂದು ಕಾರಣ ಹೇಳಿ ಹೋದರು. ಕುರ್ಚಿ ಬಿಟ್ಟು ಏಳೋದಿಲ್ಲ ಎಂದರು, ಮೈ ಬಂದಿತ್ತು ಎಂದರು, ಹಡೆದು ಹಾಲು ಕುಡಿಸಿದವಳಲ್ಲ ಎಂದರು. ಚಹಾ ಸೋಸುತ್ತಿದ್ದ ತಾಯಿ ಹಂಪವ್ವನಿಗೆ ಎಲ್ಲವೂ ಕೇಳುತ್ತಿತ್ತು. ಒಳಗೆ ಮಲಗಿದ್ದ ಮಗಳಿಗೂ.

"ಯವ್ವಾ, ನಾ ಏನ್ ತಪ್ಪ ಮಾಡೇನಿ?" ಎಂದು ಅವಳು ಒಂದು ಸಂಜೆ ಕೇಳಿದಳು.

ಮುಂದಿನ ಸಲ ಹುಬ್ಬಳ್ಳಿಗೆ ಹೋದಾಗ ಹಂಪವ್ವ ಅದನ್ನೇ ಡಾಕ್ಟರಮ್ಮನಿಗೆ ಕೇಳಿದಳು.

"ತೂಕ, ಕುಂತು ಮಾಡೋ ಕೆಲಸ, ಇವು ಸ್ವಲ್ಪ ಅಪಾಯ ಹೆಚ್ಚು ಮಾಡ್ತಾವ್ರಿ, ಸುಳ್ಳಲ್ಲ. ಆದ್ರ ಇಷ್ಟು ಸಣ್ಣ ವಯಸ್ಸಿನಾಗ ಬಂದೈತಂದ್ರ ಮನೆತನದಾಗ ನೋಡಬೇಕು," ಎಂದ ಡಾಕ್ಟರಮ್ಮ, ತಾಯಿ-ಮಗಳಿಬ್ಬರ ರಕ್ತವನ್ನೂ ಪರೀಕ್ಷೆಗೆ ಕಳಿಸಿದರು.

ಫಲಿತಾಂಶ ಬಂದ ದಿನ ಹಂಪವ್ವ ಒಬ್ಬಳೇ ಒಳಗೆ ಹೋದಳು. ಮಗಳ ಜೀನಿನಲ್ಲಿ ದೋಷವಿತ್ತು. ತಾಯಿಯಲ್ಲಿ ಇರಲಿಲ್ಲ.

"ಅಂದ್ರ ತಂದಿ ಕಡಿಂದ ಬಂದೈತಿ. ಅವರ ಮನ್ಯಾಗ ಯಾರಿಗರ ಇತ್ತೇನ್ರಿ?"

"ಗಂಡಸರ ಕಡಿಂದನೂ ಬರ್ತೈತೇನ್ರಿ?"

"ಬರ್ತೈತ್ರಿ. ಅವರಿಗೇನೂ ಆಗದಿದ್ರೂ ಮಕ್ಕಳಿಗೆ ದಾಟತೈತಿ."

ಗಂಡ ವೆಂಕೋಬನ ತಂಗಿ ಯಮನೂರಮ್ಮ ನೆನಪಾದಳು. ಅಳವಂಡಿಗೆ ಕೊಟ್ಟಿದ್ದರು. ಎದೆ ಹುಣ್ಣಾದರೂ ನಾಚಿಕೆಗೆ ಯಾರಿಗೂ ತೋರಿಸದೆ, ನಲವತ್ತು ತುಂಬುವ ಮೊದಲೇ ಹೋಗಿದ್ದಳು.

"ಆಕಿಗೆ ಮಗಳಿದ್ರ ಲಗೂನ ಕಳಿಸ್ರಿ," ಎಂದರು ಡಾಕ್ಟರಮ್ಮ.

ಹೊರಗೆ ವೆಂಕೋಬ ಮಗಳಿಗೆಂದು ತಂದ ಎಳನೀರು ಹಿಡಿದು ನಿಂತಿದ್ದ. ಒಂದೇ ತಿಂಗಳಿನಲ್ಲಿ ಅವನ ಅಂಗಿ ಭುಜದಿಂದ ಜಾರತೊಡಗಿತ್ತು. ಮಗಳಿಗೆ ಗಂಜಿ ಕುಡಿಸುವವನೂ ಅವನೇ, ಕೂದಲು ಉದುರಿದ ತಲೆಯನ್ನು ಒರೆಸುವವನೂ ಅವನೇ.

"ಏನಂದ್ರು?"

"ನನ್ನ ತವರ ಕಡಿಂದ ಬಂದೈತಂತ್ರಿ," ಎಂದುಬಿಟ್ಟಳು ಹಂಪವ್ವ.

ಅಂದು ಅವನು ಎಳನೀರು ಹಿಡಿದು ಮಗಳ ಕಡೆ ನಡೆದ. ಆದರೆ ಕಾಯಿಲೆ ಯಕೃತ್ತಿಗೆ ಹಬ್ಬಿದ ಮೇಲೆ ಒಮ್ಮೆ, "ಹೆಣ್ಣ ಕೊಡಾಗ ನಿಮ್ಮವರು ಇದನ್ನೂ ಕೊಟ್ಟು ಕಳಿಸಿದ್ರು," ಎಂದ. ಹಂಪವ್ವ, ಯಮನೂರಮ್ಮನ ಮಗಳು ರೇಣುಕಾದೇವಿಗೆ ಹೇಳಬೇಕೆಂದು ಎಷ್ಟೋ ಸಲ ಫೋನು ಕೈಗೆತ್ತಿಕೊಂಡಳು. ಹೇಳಿದರೆ ವೆಂಕೋಬನಿಗೂ ತಿಳಿಯುತ್ತದೆ. ಮಗಳು ಸ್ವಲ್ಪ ಚೇತರಿಸಿಕೊಳ್ಳಲಿ, ಆಮೇಲೆ ಹೇಳಿದರಾಯಿತು ಎಂದು ಫೋನು ಕೆಳಗಿಟ್ಟಳು.

ದ್ರಾಕ್ಷಾಯಿಣಿ ಚೇತರಿಸಿಕೊಳ್ಳಲಿಲ್ಲ. ಯುಗಾದಿಗೆ ಮುಂಚೆ ಹೋದಳು.

ದ್ರಾಕ್ಷಾಯಿಣಿಯ ದಿನಕರ್ಮದ ಊಟಕ್ಕೆ ರೇಣುಕಾದೇವಿ ಕೂಸನ್ನೆತ್ತಿಕೊಂಡು ಬಂದಳು. ಹಿತ್ತಲಿನಲ್ಲಿ ಕೂತು ಅದಕ್ಕೆ ಹಾಲು ಕುಡಿಸುತ್ತಿದ್ದಳು. ಹಂಪವ್ವನಿಗೆ ಇನ್ನು ತಡೆಯಲಾಗಲಿಲ್ಲ. ಪಕ್ಕದಲ್ಲಿ ಕೂತು, ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಹೇಳಿದಳು.

ರೇಣುಕಾದೇವಿ ಕೂಸನ್ನು ಎದೆಯಿಂದ ಬಿಡಿಸಿದಳು.

"ಎಡಗಡಿ ಗಂಟೈತಿ, ಅತ್ತಿ. ದೀಪಾವಳಿ ಹಬ್ಬದಾಗ ಕಂಡಿತ್ತು. ಹಾಲಿನ ಗಂಟಂತ ಸುಮ್ನಾಗೇನಿ."

ದೀಪಾವಳಿಗೆ ಮೊದಲೇ ಮಗಳ ರಕ್ತಪರೀಕ್ಷೆಯ ಫಲಿತಾಂಶ ಬಂದಿತ್ತು. ಹಂಪವ್ವ ತಲೆಯೆತ್ತಿದರೆ ಬಾಗಿಲಲ್ಲಿ ವೆಂಕೋಬ ನಿಂತಿದ್ದ. ಎಲ್ಲವನ್ನೂ ಕೇಳಿಸಿಕೊಂಡಿದ್ದ. ಅವನು ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು. ಅವನು ಬಂದು ಕೂಸನ್ನು ಎತ್ತಿಕೊಂಡ.

"ನಾಳೆ ಹುಬ್ಬಳ್ಳಿಗೆ ಹೋಗೂಣು, ತಯಾರಾಗವ್ವ," ಎಂದು ರೇಣುಕಾದೇವಿಗೆ ಹೇಳಿದ.

ಬಸ್ಸು ಗಜೇಂದ್ರಗಡ ದಾಟಿತ್ತು. ವೆಂಕೋಬ ಕಿಟಕಿಯ ಕಡೆ ನೋಡುತ್ತಲೇ ಹಂಪವ್ವನನ್ನು ಕೇಳಿದ, "ನನಗ್ಯಾಕ ಹೇಳ್ಲಿಲ್ಲ?"

"ನೀವು ತಡಕೊಳ್ಳೂದಿಲ್ಲಂತ."

"ಈಗ ತಡಕೋತೇನೇನು?"

ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿದ ಡಾಕ್ಟರಮ್ಮ, ರೋಗ ಕಂಕುಳಿಗೂ ಹಬ್ಬಿದಂತಿದೆ ಎಂದರು. ಸ್ವಲ್ಪ ಮೊದಲೇ ಬಂದಿದ್ದರೆ ಎಂದು ಶುರುಮಾಡಿದವರು ಹಂಪವ್ವನ ಮುಖ ನೋಡಿ ನಿಲ್ಲಿಸಿದರು. ಔಷಧಿ ಶುರುವಾದರೆ ಕೂಸಿಗೆ ಎದೆಹಾಲು ಕೊಡುವಂತಿಲ್ಲ ಎಂದೂ ಹೇಳಿದರು.

ರೇಣುಕಾದೇವಿಯನ್ನು ಸ್ಕ್ಯಾನಿಂಗ್‌ಗೆ ಕರೆದುಕೊಂಡು ಹೋದರು. ಕೂಸು ಹಸಿದು ಅಳತೊಡಗಿತು. ವೆಂಕೋಬ ಹಾಲು ತರಲು ಹೊರಟ. ಹಂಪವ್ವ ಕೂಸನ್ನು ಹೆಗಲಿಗೆ ಹಾಕಿಕೊಂಡು ಮುಚ್ಚಿದ ಬಾಗಿಲ ಮುಂದೆ ಅತ್ತಿಂದಿತ್ತ ನಡೆದಾಡುತ್ತಿದ್ದಳು. ಅದೂ ಹೆಣ್ಣುಕೂಸೇ.