ಹೆಲಿಕಾಪ್ಟರಿನ ಮಡಿ

ವರದಾ ರಿಮೋಟಿನ ಹೆಲಿಕಾಪ್ಟರನ್ನು ಎರಡೂ ಕೈಯಲ್ಲಿ ತಂದು ಹೊಲದ ನೆಲದ ಮೇಲಿಟ್ಟಳು. ಎಡ ಮುಂಗೈಯ ಹೊಲಿಗೆ ಬಿಚ್ಚಿ ಇನ್ನೂ ವಾರವಾಗಿರಲಿಲ್ಲ. ಹೋದ ತಿಂಗಳು ಜೋಳ ಕೊಯ್ದು ಬೋಳಾದ ಇದೇ ಹೊಲದಲ್ಲಿ ಅದು ಗಾಳಿಯಲ್ಲಿ ಮೂತಿ ತಿರುಗಿಸಿ, ರಿಮೋಟು ಹಿಡಿದವಳ ಮೇಲೆಯೇ ಏರಿ ಬಂದಿತ್ತು. ನೋಡಿದವರು ಇದನ್ನು ಆಟಿಕೆ ಎನ್ನುತ್ತಾರೆ. ಅನ್ನಲಿ, ಆ ಮೊಳದುದ್ದದ ರೆಕ್ಕೆಗೆ ಒಮ್ಮೆ ಬೆರಳು ಕೊಟ್ಟು ನೋಡಲಿ.

ಇವತ್ತು ತಾಯಿ ಸುಂದರಾಬಾಯಿಯೂ ಸವದತ್ತಿಯಿಂದ ಸ್ಕೂಟಿಯ ಹಿಂದೆ ಕೂತು ಬಂದಿದ್ದರು. ದೇವರ ಮನೆ ಬಿಟ್ಟು ಹೊಲಕ್ಕೆ ಬರುವ ಹೆಂಗಸಲ್ಲ ಅವರು. ಬಂದದ್ದು ತೀರ್ಪು ಕೊಡುವುದಕ್ಕೆ.

"ಇವತ್ತೊಂದ ಸಲ ನೋಡತೇನಿ, ವರದಾ. ಮತ್ತ ಹಂಗ ತಿರುಗಿತಂದ್ರ ಅದು ನಮ್ಮ ಹೊಸ್ತಿಲಾ ದಾಟಬಾರದು. ನನ್ನ ಆಣಿ ಅದ ನಿನಗ."

ವರದಾ ತಲೆಯಾಡಿಸಿದ್ದಳು. ಬೈಲಹೊಂಗಲದ ಹೈಸ್ಕೂಲಿನಲ್ಲಿ ವಾರವಿಡೀ ಗಣಿತ ಹೇಳಿ ಗಂಟಲು ಒಣಗಿಸಿಕೊಳ್ಳುವ ಅವಳಿಗೆ ಭಾನುವಾರದ ಈ ಹಾರಾಟವೊಂದೇ ಸ್ವಂತದ್ದು. ಅಣ್ಣ ಭರತನ ಜತೆ ಕೂತು ಒಂದೊಂದೇ ಸ್ಕ್ರೂ ಬಿಗಿದು ಕಟ್ಟಿದ ಯಂತ್ರವದು. ಅದು ಹೋದರೆ ಏನು ಉಳಿಯುತ್ತದೆ ಎಂದು ಯೋಚಿಸಲಿಕ್ಕೂ ಅವಳಿಗೆ ಹೆದರಿಕೆಯಾಗುತ್ತಿತ್ತು.

ತಂಟೆಯೆಲ್ಲ ಹೊಸ ಜೈರೋದ್ದು. ಬೆಂಕಿಪೊಟ್ಟಣದಷ್ಟು ಡಬ್ಬಿ. ಮೂತಿ ತಾನಾಗಿ ಅತ್ತಿತ್ತ ಹೊರಳಿದರೆ ಅದಕ್ಕೆ ತಿಳಿಯಬೇಕು, ಬಾಲದ ಪುಟ್ಟ ರೆಕ್ಕೆಗಳಿಗೆ ಹೇಳಿ ನೆಟ್ಟಗೆ ಮಾಡಿಸಬೇಕು. ಅದನ್ನು ಕೂಡಿಸಿದಂದಿನಿಂದಲೇ ಈ ತಿರುಗಾಟ ಶುರುವಾಗಿತ್ತು. ಇನ್ವರ್ಟರ್ ರಿಪೇರಿ ಅಂಗಡಿ ಇಟ್ಟಿರುವ ಭರತ ಅದನ್ನು ಬಿಚ್ಚಿ ಕೂಡಿಸಿ, ಅದರ ಕೆಳಗೆ ಮೆತ್ತನೆಯ ಸ್ಪಂಜು ಅಂಟಿಸಿ, ವೈರು ಬದಲಿಸಿ ಸುಸ್ತಾಗಿದ್ದ. ಮನೆಯ ಟೇಬಲ್ಲಿನ ಮೇಲೆ ಅದು ಸಾಧು, ಹೊಲಕ್ಕೆ ಬಂದರೆ ಪುಂಡ.

ಭರತ ಬ್ಯಾಟರಿ ಹಚ್ಚಿದ. ಜೈರೋದ ಕೆಂಪು ದೀಪ ಮಿಣುಕತೊಡಗಿತು. ವರದಾ ಬಗ್ಗಿ ಹೆಲಿಕಾಪ್ಟರಿನ ಮೂತಿ ಮುಟ್ಟಿ ಕೈಯನ್ನು ಕಣ್ಣಿಗೊತ್ತಿಕೊಂಡಳು. ಸ್ಕೂಟಿ ಚಾಲೂ ಮಾಡಿದರೂ ಅಷ್ಟೆ, ಹೊಸ ಪೆನ್ನು ಹಿಡಿದರೂ ಅಷ್ಟೆ, ಮೊದಲು ನಮಸ್ಕಾರ.

ದೀಪದ ಮಿಣುಕು ನಿಂತಿತು. ಆದರೆ ಬಾಲದ ರೆಕ್ಕೆಗಳು ಯಾರೂ ಹೇಳದೆಯೇ ಮೆಲ್ಲಗೆ ಒಂದು ಕಡೆ ವಾಲಿದವು.

"ನೋಡಿದೇನ?" ಭರತನ ಮುಖ ಇಳಿಯಿತು. "ಮನ್ಯಾಗ ಒಂದ ಸಲಾನೂ ಹಿಂಗ ಮಾಡಿಲ್ಲ ಇದು. ಇನ್ನ ಏನ ಮಾಡಬೇಕು ನಾ?"

ಸುಂದರಾಬಾಯಿ ಸೆರಗು ಬಿಗಿದುಕೊಂಡು ಸ್ಕೂಟಿಯ ಕಡೆ ನೋಡಿದರು. ಬೈದಿದ್ದರೆ ವರದಾಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಮನೆಗೂ ಹೊಲಕ್ಕೂ ಏನು ಫರಕು? ಗಾಳಿಯೇ? ಇವತ್ತು ಎಲೆಯೂ ಅಲುಗುತ್ತಿಲ್ಲ. ಬ್ಯಾಟರಿ ಅದೇ, ಹಚ್ಚುವ ಕೈಯೂ ಅದೇ. ಯೋಚಿಸುತ್ತಿದ್ದವಳು ತನ್ನ ಕೈ ಇನ್ನೂ ಹಣೆಯ ಹತ್ತಿರವೇ ಇರುವುದನ್ನು ಗಮನಿಸಿದಳು. ಮನೆಯಲ್ಲಿ ಹಾರಿಸುವುದಿಲ್ಲ, ಅದಕ್ಕೇ ಮನೆಯಲ್ಲಿ ನಮಸ್ಕಾರವೂ ಇಲ್ಲ.

"ಅಣ್ಣಾ, ದೀಪ ಮಿಣುಕೂ ಮುಂದ ಅದು ಏನ ಮಾಡತದ?"

"ಅಲುಗದ ನಿಂತದ್ದು ಅಂದ್ರ ಏನು ಅಂತ ಗುರ್ತ ಹಿಡೀತದ. ಆಮ್ಯಾಲ ಅದನ್ನ…" ಅಂದವನು ಅವಳ ಕೈ ನೋಡಿ ಬಾಯಿ ಮುಚ್ಚಿದ.

"ಅದು ಗುರ್ತ ಹಿಡಿಯೂ ಮುಂದ ಪ್ರತೀ ಸಲಾ ನಾನಾ ಅಲುಗಿಸೇನಿ. ನನ್ನ ನಮಸ್ಕಾರಾನ ನಿಂತದ್ದು ಅಂತ ತಿಳಕೊಂಡದ ಅದು. ಬ್ಯಾಟರಿ ತಗದು ಮತ್ತೊಮ್ಮೆ ಹಚ್ಚು!"

ಭರತ ಮತ್ತೆ ಹಚ್ಚಿ ಹಿಂದೆ ಸರಿದ. ವರದಾ ಎರಡೂ ಕೈ ಬೆನ್ನಿಗೆ ಕಟ್ಟಿಕೊಂಡಳು. ಮುಟ್ಟದೆ ನಿಲ್ಲುವುದು ಇಷ್ಟು ಕಷ್ಟವೆಂದು ಅವಳಿಗೆ ಗೊತ್ತಿರಲಿಲ್ಲ. ಅಷ್ಟರಲ್ಲಿ ಪಕ್ಕದಿಂದ ಒಂದು ಕೈ ಮುಂದೆ ಬಂತು. ಮಗಳ ಮುಖ ನೋಡಲಾರದೆ ಸುಂದರಾಬಾಯಿ ಕುಂಕುಮದ ಭರಣಿ ತೆಗೆದು ಬಗ್ಗಿದ್ದರು.

"ಅವ್ವಾ, ಮುಟ್ಟಬ್ಯಾಡ!"

ಸುಂದರಾಬಾಯಿಯ ಕೈ ಅಲ್ಲೇ ನಿಂತಿತು. ಆ ಮನೆಯಲ್ಲಿ ಆ ಮಾತು ಅವರೊಬ್ಬರ ಸ್ವತ್ತು. ಮಡಿಯುಟ್ಟು ಒಲೆ ಮುಂದೆ ನಿಂತು ಗಂಡನಿಗೆ, ಮಕ್ಕಳಿಗೆ, ಬೆಕ್ಕಿಗೂ ಅವರು ಹೇಳುತ್ತ ಬಂದದ್ದು ಅದನ್ನೇ. ಯಾರೂ ಅವರಿಗೆ ತಿರುಗಿ ಹೇಳಿರಲಿಲ್ಲ.

"ಅದೂ ಮಡೀಲೆ ಅದ ಅವ್ವಾ," ಭರತ ಪಿಸುಗುಟ್ಟಿದ. "ದೀಪ ನಿಲ್ಲೂತನಕಾ ಯಾರೂ ಮುಟ್ಟಬಾರದು."

ಅವರಿಗೆ ತಟ್ಟನೆ ಅರ್ಥವಾಯಿತು. ಕೈ ಎಳೆದುಕೊಂಡು, ಉಸಿರೂ ತಾಗದಿರಲೆಂದು ಬಾಯಿಗೆ ಸೆರಗು ಹಿಡಿದು ಹಿಂದೆ ಸರಿದರು.

ದೀಪ ನಿಂತಿತು. ಬಾಲದ ರೆಕ್ಕೆಗಳು ಅಲುಗಲಿಲ್ಲ.

ವರದಾ ದೂರ ಹೋಗಿ ರಿಮೋಟು ಹಿಡಿದಳು. ಗಾಯದ ಕೈ ಚುರುಚುರು ಅನ್ನುತ್ತಿತ್ತು. ರೆಕ್ಕೆಗಳು ಸುಯ್ಯೆಂದವು, ಧೂಳೆದ್ದಿತು, ಹೆಲಿಕಾಪ್ಟರು ನೆಲ ಬಿಟ್ಟಿತು. ಮೊಣಕಾಲೆತ್ತರ, ಎದೆಯೆತ್ತರ. ಆಗಲೇ ಎಲ್ಲಮ್ಮನ ಗುಡ್ಡದ ಕಡೆಯಿಂದ ಗಾಳಿ ಬೀಸಿ ಬಾಲವನ್ನು ತಳ್ಳಿತು. ಮೂತಿ ಒಂದು ಕೂದಲೆಳೆ ಹೊರಳಿತು, ತಡೆಯಿತು, ತಾನೇ ನೆಟ್ಟಗಾಯಿತು. ಕಣ್ಣು ತುಂಬಿ ಬಂದರೂ ಅವಳು ರೆಪ್ಪೆ ಮುಚ್ಚಲಿಲ್ಲ.

ಇಳಿಸಿದ ಮೇಲೆ ಭರತ ಬ್ಯಾಟರಿ ತೆಗೆದ. ಸುಂದರಾಬಾಯಿ ಭರಣಿ ಹಿಡಿದು ಇನ್ನೂ ದೂರದಲ್ಲೇ ನಿಂತಿದ್ದರು.

"ಈಗರ ಮುಟ್ಟಬಹುದೇನ?"

ವರದಾ ತಲೆಯಾಡಿಸಿದಳು. ಅವರು ಬಂದು ಮೂತಿಗೆ ಕುಂಕುಮ ಹಚ್ಚಿ ಕೈ ಕಣ್ಣಿಗೊತ್ತಿಕೊಂಡರು. ಆಮೇಲೆ ಮಗಳ ಗಾಯದ ಕೈ ಹಿಡಿದರು.

"ಮುಂದಿನ ಐತವಾರಾನೂ ಬರತೇನಿ. ದೂರ ನಿಂದರತೇನಿ."