ಗಟ್ಟಿಯಾಗಿ ಹೇಳಿದ ಪ್ರಾರ್ಥನೆ

ಪೋಸ್ಟಮ್ಮ ಹಳ್ಳಿಗೆ ಬಂದಿಳಿದಾಗ ಜೊತೆಗೆ ಎರಡು ಪೆಟ್ಟಿಗೆ, ಮೂರು ಟಾರ್ಚು, ಒಂದು ಡಬ್ಬಿ ತುಂಬ ಮಾತ್ರೆ ಇದ್ದವು. ಮೂವತ್ತು ವರ್ಷ ಅಂಚೆ ಕಚೇರಿಯ ಕಿಟಕಿಯ ಹಿಂದೆ ಕೂತು ನಿವೃತ್ತಳಾದವಳು, ಹೆಸರು ಅಲ್ಲಿಂದಲೇ ಅಂಟಿಕೊಂಡಿತ್ತು. ಈಗ ತನ್ನ ಚರ್ಚಿನ ಆರು ಮಂದಿಯ ಜೊತೆ ಸಮುದ್ರ ದಾಟಿ, ಇಲ್ಲಿನ ಪುಟ್ಟ ಚರ್ಚಿಗೆ ಸುಣ್ಣ ಹೊಡೆಯಲು, ಮಕ್ಕಳಿಗೆ ಬೈಬಲ್ ಕತೆ ಹೇಳಲು ಆರು ವಾರಕ್ಕೆ ಬಂದಿದ್ದಳು. ಇಲ್ಲಿನ ಭಾಷೆಯನ್ನು ಒಂದು ವರ್ಷ ಹಟ ಹಿಡಿದು ಕಲಿತಿದ್ದಳು. ತಂಡದಲ್ಲಿ ಅದು ಬರುತ್ತಿದ್ದದ್ದು ಅವಳಿಗೆ ಮತ್ತು ಮುಖಂಡನಿಗೆ ಮಾತ್ರ. ಆ ಜಂಬ ಅವಳಿಗೆ ಸ್ವಲ್ಪ ಇತ್ತು.

ಅವಳಿಗೆ ಇರಲು ಕೊಟ್ಟದ್ದು ದರ್ಜಿ ಅಕ್ಕನ ಮನೆ. ಅಕ್ಕ ಅರವತ್ತು ದಾಟಿದ ವಿಧವೆ, ಒಂಟಿ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಹಿಂದಿನದರಲ್ಲಿ ಒಲೆ. ಮೊದಲ ವಾರ ಪೋಸ್ಟಮ್ಮನ ಪಾಡು ಯಾರಿಗೂ ಬೇಡ. ಒಲೆ ಊದಲು ಹೋಗಿ ಹುಬ್ಬು ಸುಟ್ಟುಕೊಂಡಳು. ಸ್ನಾನಕ್ಕೆ ಸಿಗುವುದು ಒಂದೇ ಬಕೆಟ್ ಎಂಬುದು ಗೊತ್ತಾಗುವ ಹೊತ್ತಿಗೆ ಮೈತುಂಬ ಸೋಪಿತ್ತು, ನೀರು ಮುಗಿದಿತ್ತು. ತೆರೆದಿಟ್ಟ ಪೆಟ್ಟಿಗೆಯಲ್ಲಿ ಕೋಳಿ ಮೊಟ್ಟೆಯಿಟ್ಟಿತು. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು, ಆದರೆ ಯಾವುದನ್ನೂ ಬೀದಿಯಲ್ಲಿ ಯಾರ ಹತ್ತಿರವೂ ಆಡಿಕೊಳ್ಳಲಿಲ್ಲ. ಪೋಸ್ಟಮ್ಮ ಅದನ್ನು ಗಮನಿಸಬೇಕಿತ್ತು.

ಎರಡನೇ ವಾರ ಅವಳಿಗೊಂದು ಕೆಲಸ ಸಿಕ್ಕಿತು. ದಿನಾ ಬೆಳಿಗ್ಗೆ ಹತ್ತು ಸೂಜಿಗೆ ದಾರ ಪೋಣಿಸಿ ದಿಂಬಿಗೆ ಚುಚ್ಚಿಡುವುದು. ಯಾಕೆ ಇಷ್ಟೊಂದು ಅಂತ ಕೇಳಿದ್ದಕ್ಕೆ ಅಕ್ಕ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು.

"ಕಣ್ಣು ಮಂಜು ಕಣಮ್ಮ. ಎರಡು ವರ್ಷ ಆಯ್ತು. ಹೊಲಿಗೇನ ಬೆರಳಲ್ಲೇ ನೋಡ್ಕೋತೀನಿ. ಯಾರಿಗೂ ಹೇಳಿಲ್ಲ."

ಯಾರಿಗೂ ಹೇಳಿಲ್ಲ ಎಂದರೆ ನೀನೂ ಹೇಳಬೇಡ ಅಂತ ಅರ್ಥ. ಪೋಸ್ಟಮ್ಮನಿಗೆ ಮಾತ್ರ, ಅಯ್ಯೋ ಪಾಪ, ಇವಳಿಗಾಗಿ ಇದುವರೆಗೆ ಯಾರೂ ಪ್ರಾರ್ಥಿಸಿಲ್ಲವಲ್ಲ ಅನಿಸಿತು. ಅವಳ ಚರ್ಚಿನಲ್ಲಿ ಪ್ರತಿ ಬುಧವಾರ ಹೆಂಗಸರು ತಮ್ಮ ಕಷ್ಟಗಳನ್ನು ಚೀಟಿಯಲ್ಲಿ ಬರೆದು ಕೊಡುತ್ತಿದ್ದರು. ಮಂಡಿನೋವು, ಮಗಳ ಮದುವೆ, ಗಂಡನ ಕುಡಿತ, ಎಲ್ಲವನ್ನೂ ಎದ್ದು ನಿಂತು ಓದುತ್ತಿದ್ದವಳು ಇವಳೇ, ಹನ್ನೆರಡು ವರ್ಷದಿಂದ. ಜನ ಅಳುತ್ತಿದ್ದರು, ತಬ್ಬಿಕೊಳ್ಳುತ್ತಿದ್ದರು, ಸಾರು ಮಾಡಿ ತಂದುಕೊಡುತ್ತಿದ್ದರು.

ಆ ಭಾನುವಾರ ಪಾಸ್ಟರು ಯಾರಾದರೂ ಪ್ರಾರ್ಥಿಸಿ ಎಂದದ್ದೇ ತಡ, ಪೋಸ್ಟಮ್ಮ ಎದ್ದಳು. ಒಂದು ತಪ್ಪೂ ಇಲ್ಲದ ವಾಕ್ಯಗಳಲ್ಲಿ, ಹಿಂದಿನ ಬೆಂಚಿಗೂ ಕೇಳುವ ಹಾಗೆ, ದರ್ಜಿ ಅಕ್ಕನ ಮಂಜಾದ ಕಣ್ಣಿಗೆ ಬೆಳಕು ಕೊಡು ತಂದೆ ಎಂದು ಬೇಡಿಕೊಂಡಳು. ಇಡೀ ಚರ್ಚು ಆಮೆನ್ ಅಂದಿತು, ಅಕ್ಕನೊಬ್ಬಳನ್ನು ಬಿಟ್ಟು. ಮನೆಗೆ ಹೋಗುವಾಗ ಅಕ್ಕ ಹತ್ತು ಹೆಜ್ಜೆ ಮುಂದೆಯೇ ನಡೆದಳು.

ಸೋಮವಾರ ಒಬ್ಬಳು ಬಂದು, ಹೊಲಿಯಲು ಕೊಟ್ಟಿದ್ದ ಬಟ್ಟೆಗೆ ಈಗೇನೂ ಅವಸರವಿಲ್ಲ ಅಂತ ನೆಪ ಹೇಳಿ ವಾಪಸು ಒಯ್ದಳು. ಮಂಗಳವಾರ ಇನ್ನಿಬ್ಬರು. ಬುಧವಾರ ಶಾಲೆಯಿಂದ ಮಕ್ಕಳ ಯೂನಿಫಾರ್ಮಿನ ಬಟ್ಟೆ ಬರಬೇಕಿತ್ತು. ಅಕ್ಕನ ವರ್ಷದ ಅನ್ನ ಅದೇ. ಬಟ್ಟೆಯ ಬದಲು ಜವಾನ ಬಂದ, ಈ ಸಲ ಪಟ್ಟಣದಲ್ಲಿ ಹೊಲಿಸುತ್ತಾರಂತೆ ಎಂದು ಹೇಳಿ ಹೋದ.

ಪೋಸ್ಟಮ್ಮನಿಗೆ ಆಗ ತನ್ನ ತಪ್ಪು ಹೊಳೆಯಿತು. ಕ್ಷಮೆ ಕೇಳಿದಳು, ನಮ್ಮ ಕಡೆ ಹೀಗೇ ಪದ್ಧತಿ ಎಂದು ವಿವರಿಸಲೂ ಹೋದಳು. ಅಕ್ಕ ಯಂತ್ರದ ಮೇಲೆ ಬಟ್ಟೆ ಮುಚ್ಚುತ್ತಿದ್ದಳು.

"ದೇವರಿಗೆ ಹೇಳೋಕೆ ಅಷ್ಟು ಗಟ್ಟಿಯಾಗಿ ಯಾಕೆ ಹೇಳ್ಬೇಕಿತ್ತು? ಅವನಿಗೇನು ಕಿವಿ ಕೇಳ್ಸಲ್ವಾ?"

ಮೂವತ್ತು ವರ್ಷ ಊರಿನವರ ಪತ್ರಗಳೆಲ್ಲ ಕೈಯಲ್ಲಿ ಹಾದುಹೋಗಿದ್ದರೂ ಒಂದನ್ನೂ ಒಡೆದು ನೋಡಿದವಳಲ್ಲ ಪೋಸ್ಟಮ್ಮ. ಅಂಥವಳು ಈಗ ಮಾಡಿದ್ದೇನು? ಮರುದಿನ ಸುಣ್ಣದ ಕುಂಚ ಬಿಟ್ಟು ನೇರ ಶಾಲೆಗೆ ಹೋದಳು. ಹೆಡ್ ಮೇಡಂ ತೊಟ್ಟಿದ್ದ ಅಂಗಿ ಕಳೆದ ತಿಂಗಳು ಅಕ್ಕನೇ ಹೊಲಿದದ್ದು. ಅದೂ ಅದೇ ಕಣ್ಣಲ್ಲೇ ಹೊಲಿದದ್ದಲ್ಲವೇ ಎಂದು ಕೇಳಿದಳು. ಹೆಡ್ ಮೇಡಂ ತೋಳಿನ ಅಂಚು ತಿರುಗಿಸಿ ನೋಡಿದರು. ಹೊಲಿಗೆ ನೂಲು ಹಿಡಿದ ಹಾಗೆ ನೇರವಾಗಿತ್ತು. ಆದರೆ ಪಟ್ಟಣದಲ್ಲಿ ಬಟ್ಟೆ ಆಗಲೇ ಕತ್ತರಿಸಿಯಾಗಿದೆಯಂತೆ, ಮುಂದಿನ ವರ್ಷ ನೋಡೋಣ ಅಂದರು. ಆಮೇಲೆ ಬಾಗಿಲವರೆಗೂ ಬಂದು, "ಚರ್ಚಲ್ಲಿ ನಿಂತು ನೀವೇ ಹೇಳಿದ್ರಲ್ಲಮ್ಮ, ಹೇಗೆ ನಂಬದೆ ಇರ್ಲಿ?" ಎಂದರು.

ಸಂಜೆ ಒಲೆಯ ಮುಂದೆ ಕೂತು ಪೋಸ್ಟಮ್ಮ ನಡೆದದ್ದನ್ನೆಲ್ಲ ಅಕ್ಕನಿಗೆ ಒಪ್ಪಿಸಿದಳು. ಅಕ್ಕ ಹೂಂ ಅಂದಳು, ಅಷ್ಟೇ. ಆಗ ಪೋಸ್ಟಮ್ಮನ ಬಾಯಿಂದ ಇನ್ನೊಂದು ಮಾತು ಬಂತು.

"ನನ್ನ ಮಗ ದೂರದಲ್ಲಿ ಕೆಲಸದಲ್ಲಿದಾನೆ ಅಂತ ಎಲ್ಲರಿಗೂ ಹೇಳಿದೀನಿ. ಅವನು ಜೈಲಲ್ಲಿದಾನೆ ಅಕ್ಕಾ. ಎಲ್ಲರ ಚೀಟಿ ಓದ್ತೀನಿ, ನನ್ನ ಚೀಟಿ ಒಂದು ದಿನವೂ ಬರೀಲಿಲ್ಲ."

ಅಕ್ಕ ಒಲೆಯ ಕಟ್ಟಿಗೆ ಹಿಂದಕ್ಕೆ ಎಳೆದಳು. ಅನ್ನ ಸೀಯ್ತಿದೆ, ಇಳಿಸು ಅಂದಳು.

ಉಳಿದ ವಾರಗಳಲ್ಲಿ ರಫು ಮಾಡಲೆಂದು ಒಂದಿಷ್ಟು ಹಳೇ ಬಟ್ಟೆ ಬಂದವು, ಹೊಸದು ಬರಲಿಲ್ಲ. ಪೋಸ್ಟಮ್ಮ ಸೂಜಿ ಪೋಣಿಸುತ್ತಲೇ ಇದ್ದಳು. ಕೊನೆಯ ಭಾನುವಾರ ಪಾಸ್ಟರು ಹೊರಟುನಿಂತವರಿಗಾಗಿ ಯಾರು ಪ್ರಾರ್ಥಿಸುತ್ತೀರಿ ಎಂದು ಕೇಳಿದರು. ಚರ್ಚಿನಲ್ಲಿ ಎಂದೂ ಬಾಯಿ ಬಿಡದ ದರ್ಜಿ ಅಕ್ಕ ಎದ್ದು ನಿಂತಳು.

ಪೋಸ್ಟಮ್ಮನ ಪಕ್ಕದಲ್ಲೇ ಅವಳ ಊರಿನ ಆರೂ ಮಂದಿ ಕೂತಿದ್ದರು. ಮುಖಂಡ ಒಂದೊಂದೇ ಮಾತನ್ನು ಉಳಿದವರಿಗೆ ಮೆಲ್ಲಗೆ ತಿರುಗಿಸಿ ಹೇಳುತ್ತಿದ್ದ. ಅಕ್ಕ ಏನು ಹೇಳಿದರೂ ತಾನು ಬೇಡ ಅನ್ನುವ ಹಾಗಿರಲಿಲ್ಲ.

"ತಂದೆ, ಈ ನನ್ನ ತಂಗಿಗೆ ಒಂದು ಸಂಕಟ ಇದೆ," ಅಂದಳು ಅಕ್ಕ.

ಮುಖಂಡ ಅದನ್ನು ಹೇಳಿದ. ಆರು ತಲೆಗಳು ಪೋಸ್ಟಮ್ಮನ ಕಡೆ ತಿರುಗಿದವು.

"ಅದೇನು ಅಂತ ನಿನಗೆ ಗೊತ್ತು. ನನಗೂ ಗೊತ್ತು. ಬೇರೆಯವರಿಗೆ ಅದು ಬೇಡ. ಅವಳ ಕೈ ಬಿಡಬೇಡ. ಆಮೆನ್."

ಊರವರೆಲ್ಲ ಆಮೆನ್ ಅಂದರು. ಪೋಸ್ಟಮ್ಮ ಬಾಯಿ ತೆರೆದಳು, ದನಿ ಹೊರಡಲಿಲ್ಲ. ಅಕ್ಕ ಸ್ವಲ್ಪ ಕಾದು, ಅವಳ ಪರವಾಗಿ ಇನ್ನೊಮ್ಮೆ ಆಮೆನ್ ಅಂದು ಕೂತಳು.