ಮಂಡಕ್ಕಿ ಭಟ್ಟಿಗೆ ಬಂದ ಇಂಜಿನ್

ಇಂಜಿನ್ನಿನ ನೀರು ತಡೆಯುವ ಗ್ಯಾಸ್ಕೆಟ್ ಎರಡು ಸಲ ಬದಲಾಯಿಸಿದರೂ ಹಾಲಸ್ವಾಮಿಯ ಭತ್ತ ಕೊಯ್ಯುವ ಯಂತ್ರ ನೀರು ಕುಡಿಯುವುದನ್ನು ಬಿಡಲಿಲ್ಲ. ಅವನ ಊರು ಸಾರಥಿಯ ಗದ್ದೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ರೇಡಿಯೇಟರ್ ಬರಿದಾಗುತ್ತಿತ್ತು, ಸೈಲೆನ್ಸರಿನಿಂದ ಬಿಳಿ ಹೊಗೆ ಏಳುತ್ತಿತ್ತು. ಕೊನೆಗೆ ಅವನು ಇಂಜಿನ್ನನ್ನು ಪೂರ್ತಿ ಬಿಚ್ಚಿಸಿ, ಸಿಲಿಂಡರುಗಳಿರುವ ಕಬ್ಬಿಣದ ಬ್ಲಾಕನ್ನಷ್ಟೇ ಟೆಂಪೋದಲ್ಲಿ ಹೇರಿಕೊಂಡು ದಾವಣಗೆರೆಗೆ ಬಂದು, ಸಿಲಿಂಡರ್ ಕೊರೆಯುವ ಅಂಬಿಕಾಳ ಬೋರಿಂಗ್ ಅಂಗಡಿಯ ಮುಂದೆ ಇಳಿಸಿದ.

"ಕೊರದಿದ್ದು ನೀವೇ. ಏನಾಗೈತೆ ಅಂತ ಹೇಳಬೇಕಾದೋರೂ ನೀವೇ" ಎಂದ.

ಕೊರೆದದ್ದು ನಿಜ. ಹೋದ ಬೇಸಿಗೆಯಲ್ಲಿ ಸಿಲಿಂಡರುಗಳಿಗೆ ಗೀರು ಬಿದ್ದು ಬಂದಿದ್ದ ಬ್ಲಾಕು ಅದು. ಗೀರು ಹೋಗುವ ತನಕ ಕೊರೆದು, ಅಗಲವಾದ ತೂತಿಗೆ ತಕ್ಕ ದಪ್ಪ ಪಿಸ್ಟನ್ ಹಾಕಿಸಿದ್ದಳು. ಒಳಗೆ ಬೇರೆ ಕೊಳವೆ ಕೂರಿಸದೆ ಅದರಾಚೆ ಕೂದಲೆಳೆಯಷ್ಟೂ ಕೊರೆಯುವ ಹಾಗಿಲ್ಲ ಎನ್ನುವ ಕೊನೆಯ ಅಳತೆ. ಸಾಲದ್ದಕ್ಕೆ ಟರ್ಬೊ ಇಂಜಿನ್ನು. ಗಾಳಿಯನ್ನು ಒತ್ತಿ ಒತ್ತಿ ತುಂಬಿಸಿಕೊಂಡು ದುಪ್ಪಟ್ಟು ದುಡಿಯುತ್ತದೆ, ಒಳಗಿನ ಗೋಡೆಗಳನ್ನೂ ಅಷ್ಟೇ ಜೋರಾಗಿ ಗುದ್ದುತ್ತದೆ.

ಅಪ್ಪ ಬೊಮ್ಮಣ್ಣನ ಕಣ್ಣು ಮಂಜಾದ ಮೇಲೆ ಮಷೀನಿನ ಮುಂದೆ ನಿಂತವಳು ಅಂಬಿಕಾ. ಹೆಂಗಸು ಕೊರೆದ ಬ್ಲಾಕು ಎಂದು ಗಿರಾಕಿಗಳು ಮೂಗು ಮುರಿಯುವುದು ಈಚೆಗಷ್ಟೇ ನಿಂತಿತ್ತು. ಅವಳು ಕೊರೆದ ಸಿಲಿಂಡರಿನ ಗೋಡೆಯೇ ಒಡೆದಿದೆ ಎಂದಾದರೆ ಮುರಿಯುವ ಮೂಗುಗಳಿಗೇನು ಬರವೇ? ಗಳಿಸಿದ ಹೆಸರೆಲ್ಲ ಈ ಒಂದು ಬ್ಲಾಕಿನ ಜೊತೆ ಗುಜರಿಗೆ ಹೋಗುತ್ತದೆಂದು ಅವಳಿಗೆ ಹೆದರಿಕೆಯಾಯಿತು. ಹೆದರಿಕೆಯಾಯಿತೆಂದು ಕೈ ಕಟ್ಟಿ ಕೂರುವ ಜಾತಿ ಮಾತ್ರ ಅವಳದಲ್ಲ.

ಇಂಜಿನ್ ಜೋಡಿಸುವ ಕೆಲಸ ಅವಳ ತಮ್ಮ ನಿಂಗರಾಜುವಿನದು. ಅವನಿಗೆ ಬೇಗ ಮುಗಿಯುವ ದಾರಿಗಳ ಮೇಲೆ ಬಲು ಪ್ರೀತಿ. ಅಕ್ಕನನ್ನು ಒಳಗೆ ಕರೆದು ದನಿ ತಗ್ಗಿಸಿದ. "ಹರಿಹರದ ಶಿವಯೋಗಪ್ಪ ಮೇಸ್ತ್ರಿನೂ ಗ್ಯಾಸ್ಕೆಟ್ಟೇ ಅಂದಾನಂತೆ. ನಾವ್ಯಾಕ ಬ್ಯಾರೆ ಮಾತು ಆಡಬೇಕು? ಇನ್ನೊಂದು ಹಾಕಿ ಕಳ್ಸಿಬಿಡಾನ."

"ಹುತ್ತ ಬಡಿದ್ರೆ ಹಾವು ಸಾಯ್ತೈತೇನೋ? ಸಿಲಿಂಡರಿನಾಗ ನೀರು ತುಂಬಿ ಪಿಸ್ಟನ್ನಿನ ರಾಡು ಬಗ್ಗಿದ್ರೆ ಇಂಜಿನ್ನೇ ಹೋತು. ಸುಗ್ಗಿ ಹೊತ್ತಿನಾಗ ಆತ ಏನ್ ಮಾಡ್ಬೇಕು?"

ಬ್ಲಾಕಿನ ನೀರಿನ ದಾರಿಗಳನ್ನೆಲ್ಲ ಕಬ್ಬಿಣದ ತಗಡು, ರಬ್ಬರು ಇಟ್ಟು ಬಿಗಿಯಾಗಿ ಮುಚ್ಚಿದರು. ಒಂದರಿಂದ ಕಂಪ್ರೆಸರಿನ ಗಾಳಿ ಬಿಟ್ಟು, ನಾಲ್ಕೂ ಸಿಲಿಂಡರುಗಳ ಒಳಗೋಡೆಗೆ ಸೋಪಿನ ನೀರು ಬಳಿದರು. ಬಿರುಕಿದ್ದರೆ ಅಲ್ಲಿ ಗುಳ್ಳೆ ಏಳಬೇಕು. ಒಂದೂ ಏಳಲಿಲ್ಲ.

ನಿಂಗರಾಜು ಹಲ್ಲು ಕಿರಿದ. ಅಂಬಿಕಾಳಿಗೂ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ತಪ್ಪು ತನ್ನದಲ್ಲ ಎನ್ನುವ ಸುಖ ಯಾರಿಗೆ ಬೇಡ? ಆ ಸುಖ ಹೆಚ್ಚು ಹೊತ್ತು ಇರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಹಾಲಸ್ವಾಮಿ ತನ್ನ ಪಾಡಿಗೆ ತಾನು ಹೇಳಿದ, "ಬೆಳಿಗ್ಗೆ ತಂಪೊತ್ತಿನಾಗ ಅದು ಭಾಳ ಸಂಭಾವಿತ ಕಣ್ರಿ. ಮೈ ಕಾದ ಮ್ಯಾಲೇ ಅದರ ಬಣ್ಣ ಬಯಲಾಗಾದು."

ಅಂಬಿಕಾ ಸೋಪಿನ ಬ್ರಷ್ಷನ್ನು ಕೆಳಗಿಟ್ಟಳು. ತಂಪಾಗಿರುವಾಗ ಬಾಯಿ ಮುಚ್ಚಿಕೊಂಡು, ಕಾದಾಗ ಬಿಡುವ ಬಿರುಕೂ ಇರುತ್ತದೆ. ಹಾಗಿದ್ದರೆ ತಾವು ಈಗ ಮಾಡಿದ್ದು ಪರೀಕ್ಷೆಯೇ ಅಲ್ಲ, ಸಮಾಧಾನ. ಬ್ಲಾಕನ್ನು ಕುದಿಯುವ ನೀರಿನಲ್ಲಿ ಮುಳುಗಿಸಿ ಗಾಳಿ ಬಿಡಬೇಕು. ಅಂಥ ತೊಟ್ಟಿ ಅವಳ ಅಂಗಡಿಯಲ್ಲಿಲ್ಲ. ಆದರೆ ದಿನ ಬೆಳಗಾದರೆ ಅಷ್ಟು ನೀರು ಕುದಿಸುವವರು ಯಾರೆಂದು ದಾವಣಗೆರೆಯಲ್ಲಿ ಕೇಳಬೇಕೇ? ಟೆಂಪೋ ಮಂಡಕ್ಕಿ ಭಟ್ಟಿಗಳ ಕಡೆ ತಿರುಗಿತು.

ಭಟ್ಟಿಯ ಇಮಾಮ್ ಸಾಬ್ ಬೊಮ್ಮಣ್ಣನ ಹಳೆಯ ದೋಸ್ತ. ಬ್ಲಾಕನ್ನೊಮ್ಮೆ, ಅಂಬಿಕಾಳನ್ನೊಮ್ಮೆ ನೋಡಿದರು.

"ಭತ್ತ ಕುದ್ಸೀನಿ, ಕಡ್ಲೆ ಹುರ್ದೀನಿ. ಇಂಜಿನ್ ಕುದ್ಸಾಕೆ ಯಾರೂ ತಂದಿದ್ದಿಲ್ಲ ಬೇಟಾ. ನಿನ್ನ ಆಯಿಲ್ ವಾಸ್ನೆ ನನ್ನ ಮಂಡಕ್ಕಿಗೆ ಬಂದ್ರೆ ಗಿರಾಕಿಗಳು ನನ್ನ ಹುರಿತಾರೆ."

ಹಾಗೆಂದವರೇ ಹಿತ್ತಲಲ್ಲಿ ಕೆಲಸ ಬಿಟ್ಟು ಬಿದ್ದಿದ್ದ ಹಳೆಯ ತೊಟ್ಟಿಯನ್ನು ತೋರಿಸಿದರು. ಬ್ಲಾಕನ್ನು ಸೀಗೆಪುಡಿ ಹಾಕಿ ತಿಕ್ಕಿ ತೊಳೆಯದೆ ಒಳಗೆ ಇಳಿಸಕೂಡದು ಎಂದು ಹಟ ಹಿಡಿದರು. ಇಂಜಿನ್ನಿಗೆ ಎಣ್ಣೆಸ್ನಾನದ ಯೋಗ ಬಂತಲ್ಲ ಎಂದು ನಿಂಗರಾಜು ಗೊಣಗುತ್ತ ತಿಕ್ಕಿದ.

ಸರಪಳಿ ಕಟ್ಟಿ ಬ್ಲಾಕನ್ನು ಇಳಿಸಿ, ತೊಟ್ಟಿಯ ಕೆಳಗೆ ಭತ್ತದ ಹೊಟ್ಟಿನ ಬೆಂಕಿ ಹಾಕಿದರು. ನೀರು ನಿಧಾನಕ್ಕೆ ಕಾಯತೊಡಗಿತು. ಹಾಲಸ್ವಾಮಿ ಕಾದೂ ಕಾದೂ ಬೇಸತ್ತು ಚಹಾ ಕುಡಿಯಲು ಹೋದ. ಅಂಬಿಕಾ ಅಲುಗಲಿಲ್ಲ. ಮೂಗು ಹಿಡಿದರೆ ಬಾಯಿ ತಾನಾಗಿ ಬಿಡುತ್ತದೆ ಎಂದು ಕಾದಳು. ನೀರು ಕುದಿಯಿತು, ಕಬ್ಬಿಣಕ್ಕೆ ಕಾವು ಹತ್ತಿತು. ಬೆಂಕಿ ಹಿಂದಕ್ಕೆಳೆದು, ನೀರಿನ ಕುದಿ ಅಡಗಿದ ಮೇಲೆ ಕೈಪಂಪಿನಿಂದ ಬ್ಲಾಕಿನೊಳಗೆ ಗಾಳಿ ಬಿಟ್ಟಳು.

ಮೂರನೆಯ ಸಿಲಿಂಡರಿನ ಗೋಡೆಯ ನಡುವಿನಿಂದ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಒಂದರ ಹಿಂದೊಂದು ಎದ್ದು ಬಂದವು. ಗಾಳಿ ನಿಲ್ಲಿಸಿದಳು, ಗುಳ್ಳೆ ನಿಂತಿತು. ಬಿಟ್ಟಳು, ಮತ್ತೆ ಬಂತು. ಅವಳು ಕೊರೆದು ತೆಳ್ಳಗೆ ಮಾಡಿದ ಗೋಡೆ ಅದು.

"ಅಕ್ಕಾ, ನೋಡಿದ್ದು ನಾವಿಬ್ರೇ" ಎಂದ ನಿಂಗರಾಜು. "ಆತ ಚಾ ಕುಡ್ಯಾಕೆ ಹೋಗ್ಯಾನೆ. ಕಾದ ಇಂಜಿನ್ನಿಗೆ ಕಾಲುವೆ ನೀರು ಸುರದಿದ್ದಕ್ಕೆ ಒಡದೈತೆ ಅಂದ್ರೂ ನಂಬ್ತಾನೆ."

ನಂಬುತ್ತಿದ್ದ, ಅದರಲ್ಲಿ ಸಂಶಯವಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎನ್ನುವ ಗಾದೆಯನ್ನು ಅಂಬಿಕಾ ಎಷ್ಟೋ ಮೇಸ್ತ್ರಿಗಳಿಗೆ ಹೇಳಿ ನಕ್ಕಿದ್ದಳು. ಈಗ ಅದು ತನ್ನ ಬಾಗಿಲಿಗೇ ಬಂದು ನಿಂತಿದೆ.

"ಹೋಗಿ ಕರ್ಕಂಡ್ ಬಾ. ನೀರು ಆರೋದ್ರೊಳಗೆ ಬರ್ಬೇಕು" ಎಂದಳು.

ಹಾಲಸ್ವಾಮಿ ಬಂದು ತೊಟ್ಟಿಗೆ ಬಗ್ಗಿದ. ಅವಳು ಗಾಳಿ ಬಿಟ್ಟು ತೋರಿಸಿದಳು. "ಒಡದೈತೆ. ತಪ್ಪು ನಂದು. ಎರಕ ಹೊಯ್ದಾಗ ಗೋಡೆ ಒಂದು ಕಡೆ ತೆಳ್ಳಗೆ ಕೂತಿರ್ತೈತೆ. ಅದನ್ನ ನೋಡ್ದೆ ಕೊನೆ ಅಳತಿ ತನಕ ಕೊರದೆ."

ಹಾಲಸ್ವಾಮಿ ತೊಟ್ಟಿಯಿಂದ ತಲೆ ಎತ್ತಿದ. "ಊರಾಗೆ ಕೇಳಿದ್ರೆ ಏನಂತ ಹೇಳ್ಲಿ?"

"ನಿಜ ಹೇಳ್ರಿ."

"ಸರಿ ಆಗ್ತೈತಾ?"

"ನಾಲ್ಕೂ ಸಿಲಿಂಡರಿಗೆ ಒಳಗೆ ಹೊಸಾ ಸ್ಲೀವು, ಅಂದ್ರೆ ಕಬ್ಬಿಣದ ಕೊಳವಿ, ಕೂಡ್ಸ್ತೀನಿ. ಬಿರುಕು ಮ್ಯಾಲಿನ ತನಕ ಹೋಗಿಲ್ಲ, ಹಿಡಿತೈತೆ. ಆಮ್ಯಾಲೆ ಮತ್ತೆ ಇಲ್ಲೇ ತಂದು ಕುದಿಸ್ತೀನಿ. ಗುಳ್ಳೆ ಬಂದ್ರೆ ಬ್ಲಾಕು ನಿಮ್ಮ ಮನಿಗೆ ಬರಂಗಿಲ್ಲ."

ಅದರಂತೆ ಮಾಡಿದಳು. ಸ್ಲೀವಿಗೆ ಜಾಗ ಮಾಡಲು ಈ ಸಲ ಪ್ರತಿ ಗೋಡೆಯ ದಪ್ಪವನ್ನೂ ಸುತ್ತಲೂ ನೋಡಿಯೇ ಕೊರೆದಳು. ಹೊಸ ಸ್ಲೀವುಗಳು ಕುಳಿತ ಬ್ಲಾಕು ಇಮಾಮ್ ಸಾಬರ ತೊಟ್ಟಿಯಲ್ಲಿ ಇನ್ನೊಮ್ಮೆ ಮಿಂದಿತು. ಗಾಳಿ ಬಿಟ್ಟು ತೋಳು ಸೋಲುವ ತನಕ ಕಾದರೂ ನೀರು ಮಿಸುಕಲಿಲ್ಲ. ಮಂಡಕ್ಕಿ ಒಂದು ಚೀಲ ಕಟ್ಟಿ ಕೊಟ್ಟು, "ಇನ್ನು ಸಾಕಪ್ಪ, ಭತ್ತಕ್ಕೆ ಜಾಗ ಬಿಡ್ರಿ" ಎಂದರು ಸಾಬರು.

ಸಾರಥಿಯಲ್ಲಿ ಯಂತ್ರ ಗದ್ದೆಗಿಳಿದ ದಿನ ಅಂಬಿಕಾ ತಾನೇ ಹೋದಳು. ಬಿಸಿಲೇರುವವರೆಗೂ ಅದು ತುಂಬಿದ ತೆನೆ ನುಂಗುತ್ತಲೇ ಇತ್ತು, ಹೊಗೆ ಬಿಳಿಯಾಗಲಿಲ್ಲ. ಊಟದ ಹೊತ್ತಿಗೆ ನಿಲ್ಲಿಸಿ, ಆರಲು ಬಿಟ್ಟು, ಅವಳೇ ರೇಡಿಯೇಟರಿನ ಮುಚ್ಚಳ ತೆಗೆದಳು. ನೀರು ಕಂಠಮಟ್ಟ ಇತ್ತು. ಅವಳ ಕಣ್ಣು ತುಂಬಿತು, ಬೆವರು ಒರೆಸಿದಂತೆ ಸೆರಗಿನಿಂದ ಒರೆಸಿಕೊಂಡಳು.

ಬದುವಿನ ಮೇಲೆ ಪಕ್ಕದ ಗದ್ದೆಯ ರೇವಣ್ಣ ಕುಳಿತಿದ್ದ. ಅವನಿಗೂ ಇಂಥದೇ ಒಂದು ಯಂತ್ರವಿತ್ತು. "ಆ ಹೆಂಗಸು ಕೊರದಿದ್ದು ಒಡೀತಂತಲ್ಲೋ" ಎಂದು ಅವಳಿಗೆ ಕೇಳುವಂತೆಯೇ ಹಾಲಸ್ವಾಮಿಯನ್ನು ಕೇಳಿದ.

"ಒಡೀತು" ಎಂದ ಹಾಲಸ್ವಾಮಿ, ರೊಟ್ಟಿ ಮುರಿಯುತ್ತ. "ಒಡದೈತೆ, ತಪ್ಪು ನಂದು ಅಂತ ಆಯಮ್ಮನೇ ಕರ್ದು ತೋರ್ಸಿದ್ಲು. ನಿನ್ನ ಇಂಜಿನ್ನೂ ಬಿಚ್ಚಿ ಬಿಚ್ಚಿ ಹಾಕ್ಯಾರಲ್ಲ, ಯಾರಾದ್ರೂ ಒಬ್ಬ ಹಂಗೆ ಹೇಳ್ಯಾನಾ?"

ರೇವಣ್ಣ ಊಟ ಮುಗಿಸಿ, ಕೈ ತೊಳೆದು, ಯಂತ್ರವನ್ನು ಒಂದು ಸುತ್ತು ಹಾಕಿ ಅಂಬಿಕಾಳ ಬಳಿ ಬಂದು ನಿಂತ.

"ನಂದೂ ಕಾದ ಮ್ಯಾಲೆ ನೀರು ಕುಡಿತೈತೆ ಕಣವ್ವ. ಒಂದ್ ಸರ್ತಿ ಕುದ್ಸಿ ನೋಡ್ತೀಯಾ?"

"ತರ್ರಿ" ಎಂದಳು ಅಂಬಿಕಾ. "ತಿಕ್ಕಿ ತೊಳಕಂಡ್ ತರ್ರಿ. ಎಣ್ಣೆ ಹತ್ತಿದ್ದನ್ನ ಇಮಾಮ್ ಸಾಬ್ರು ಒಳಗೆ ಬಿಡಂಗಿಲ್ಲ."